ಹುಕ್ಕು ಸೇರೋವರೆಗೂ ಓಟ್ಸು

ತೂಕ ಇಳಿಸ್ತೀನಿ ಅಂತ ಹೊರಟೋರು ಮನೇಲಿ ತಪ್ಪಿಸ್ಕೊಂಡ್ರೂ ನನ್ನ ಅಂಗಡೀಲಿ ಸಿಕ್ಕಿ ಬೀಳ್ತಾರೆ. ಇಪ್ಪತ್ತೆರಡು ವರ್ಷದಿಂದ ಇದು ನಡೀತಾನೇ ಇದೆ, ನಿಲ್ಲೋ ಲಕ್ಷಣ ಏನೂ ಕಾಣ್ತಿಲ್ಲ. ಬಸವೇಶ್ವರನಗರದಲ್ಲಿ ನಂದೊಂದು ಬ್ಲೌಸ್ ಹೊಲಿಯೋ ಅಂಗಡಿ. ಒಂದು ಶಟರ್, ಎರಡು ಮಿಷನ್ನು, ಒಂದು ಕಟಿಂಗ್ ಟೇಬಲ್ಲು, ಅಳತೆ ತಗೊಳ್ಳೋಕೆ ಮೂಲೇಲಿ ಒಂದು ಪರದೆ. ಆ ಪರದೆ ಹಿಂದೆ ನಿಂತು ಎಲ್ಲರೂ ಸುಳ್ಳು ಹೇಳ್ತಾರೆ. ಟೇಪು ಒಪ್ಪಲ್ಲ, ಅಷ್ಟೇ.

ಈ ಕಸುಬು ಮಾಡಿ ಮಾಡಿ ನನಗೆ ಅನುಮಾನದ ಬುದ್ಧಿ ಅಂಟ್ಕೊಂಡಿದೆ. "ರಾತ್ರಿ ಬರೀ ಒಂದು ಚಪಾತಿ ಆಂಟಿ" ಅಂತ ಯಾರಾದ್ರೂ ಅಂದ್ರೆ ನಾನು ಅವರ ಮುಖ ನೋಡಲ್ಲ, ತೋಳು ನೋಡ್ತೀನಿ. ಅವರೂ ಏನು ಕಮ್ಮಿ ಇಲ್ಲ. ಬ್ಲೌಸ್ ಬಿಗಿ ಆದ್ರೆ ನಾನು ಬಟ್ಟೆ ಕದ್ದೆ ಅಂತಾರೆ. ಬೀರುವಿನಲ್ಲಿ ಮಡಚಿಟ್ಟ ರೇಷ್ಮೆ ಬ್ಲೌಸು ನೀರು ಕಾಣದೇನೇ ಕುಗ್ಗಿ ಹೋಗಿದೆ ಅಂತ ತಂದು ತೋರಿಸಿದೋರೂ ಇದಾರೆ. ಹೀಗೆ ನಾವು ಒಬ್ಬರನ್ನೊಬ್ಬರು ನಂಬದೇನೇ ಇಷ್ಟು ವರ್ಷ ಚೆನ್ನಾಗಿ ಸಂಸಾರ ಮಾಡ್ಕೊಂಡು ಬಂದಿದೀವಿ.

ಕಷ್ಟ ಶುರುವಾಗಿದ್ದು ಈ ಟೇಪು ನನ್ನ ಸೊಂಟಕ್ಕೇ ಬಂದಾಗ. ನಮ್ಮ ಡಾಕ್ಟರಮ್ಮ ರಕ್ತದ ರಿಪೋರ್ಟ್ ನೋಡಿ, ಶುಗರ್ ಬಾರ್ಡರಲ್ಲಿ ನಿಂತಿದೆ, ಮೂರು ತಿಂಗಳು ಟೈಮ್ ಕೊಡ್ತೀನಿ, ತೂಕ ಇಳಿಸ್ಕೊಂಡು ಬಂದ್ರೆ ಸರಿ, ಇಲ್ದಿದ್ರೆ ಮಾತ್ರೆ ಶುರು ಮಾಡೋದೇ ಅಂದ್ರು. ನಮ್ಮಕ್ಕ ಹತ್ತು ವರ್ಷದಿಂದ ಮಾತ್ರೆ ತಗೊಳ್ತಾಳೆ. ಯಾರ ಮನೆ ಮದುವೆಗೆ ಹೋದ್ರೂ ಎಲೆ ನೋಡೋಕೆ ಮುಂಚೆ ಪರ್ಸಲ್ಲಿ ಡಬ್ಬಿ ಹುಡುಕ್ತಾಳೆ. ಆ ಡಬ್ಬಿ ನನ್ನ ಪರ್ಸಿಗೆ ಬರಬಾರದು ಅಂತ ನಿಜವಾಗ್ಲೂ ಭಯ ನನಗೆ. ಬಾಯಿ ಕಟ್ಟೋದು ಒಂದೇ ದಾರಿ. ಅದು ಹೇಗೆ ಅಂತ ನನಗೆ ಮೊದಲು ಪಾಠ ಹೇಳ್ಕೊಟ್ಟಿದ್ದು ಅದಕ್ಕೂ ಸ್ವಲ್ಪ ದಿನ ಮುಂಚೆ ಬಂದಿದ್ದ ಒಬ್ಬ ಗಿರಾಕಿ.

೧. ಮೇಡಂ ಬೇಡ ಅಂದ ಬಟ್ಟೆ

ಆಕೆ ವಿಜಯನಗರದ ಕಡೆ ಹೈಸ್ಕೂಲಲ್ಲಿ ಮೇಡಂ. ಮಗಳ ಮದುವೆಗೆ ಎರಡು ತಿಂಗಳಿತ್ತು. ಧಾರೆ ಹೊತ್ತಿಗೆ ಉಡೋ ರೇಷ್ಮೆ ಸೀರೆಯ ಬ್ಲೌಸ್ ಪೀಸ್ ತಂದಿದ್ರು. ಅಳತೆ ತಗೊಂಡೆ, ಮೂವತ್ತೆಂಟು ಬಂತು. ಬುಕ್ಕಲ್ಲಿ ಬರೀತಿದ್ದೆ, ಮೇಡಂ ನನ್ನ ಕೈ ಹಿಡಿದ್ರು. ಮೂವತ್ತಾರು ಅಂತ ಬರೀರಿ ಅಂದ್ರು.

ಹೊಲಿಗೆ ಗೊತ್ತಿಲ್ಲದೋರಿಗೆ ಒಂದು ಮಾತು ಹೇಳ್ಬೇಕು. ಯಾವ ಬ್ಲೌಸೇ ಆಗ್ಲಿ, ಎರಡೂ ಪಕ್ಕದಲ್ಲಿ ಒಳಗಡೆ ಸ್ವಲ್ಪ ಬಟ್ಟೆ ಮಡಚಿ ಬಿಟ್ಟಿರ್ತೀವಿ. ಮುಂದೆ ಯಾವತ್ತಾದ್ರೂ ಮೈ ಬಂದ್ರೆ ಹೊಲಿಗೆ ಬಿಚ್ಚಿ ಸಡಿಲ ಮಾಡ್ಕೊಳ್ಳಿ ಅಂತ. ಮೇಡಂಗೆ ಅದೇ ಬೇಡ. "ಒಳಗೆ ಒಂದು ದಾರದಷ್ಟೂ ಬಟ್ಟೆ ಬಿಡಬೇಡಿ. ಬಿಚ್ಚಬಹುದು ಅಂತ ಗೊತ್ತಾದ್ರೆ ನನ್ನ ನಾಲಿಗೆ ನನ್ನ ಮಾತು ಕೇಳಲ್ಲ" ಅಂದ್ರು.

ಮಾತು ನ್ಯಾಯವಾಗೇ ಇತ್ತು. ಸಿಹಿ ಮುಂದೆ ಬಂದಾಗ ತಡೆಯೋದು ನಮ್ಮ ಬುದ್ಧಿ ಅಲ್ಲ, ಬೇರೆ ದಾರಿ ಇಲ್ಲ ಅನ್ನೋ ಭಯ. ಆಯ್ತು ಅಂತ ಒಪ್ಪಿದೆ. ಆದ್ರೆ ಕತ್ತರಿ ಹಿಡಿದಾಗ ಅನುಮಾನ ಹೊಕ್ಕಿತು. ಹುಡುಗಿ ತಾಯಿ, ಮಂಟಪದ ಮೇಲೆ ಕೈ ಎತ್ತಿ ಅಕ್ಷತೆ ಹಾಕೋಳು. ಕಂಕುಳಲ್ಲಿ ಪರ್ ಅಂದ್ರೆ ಯಾರ ಹೆಸರು ಹೇಳ್ತಾರೆ? ನಂದೇ. ಎರಡೂ ಕಡೆ ಒಂದೊಂದು ಇಂಚು ಬಿಟ್ಟು, ಕಾಣದ ಹಾಗೆ ಲೈನಿಂಗ್ ಒಳಗೆ ಸೇರಿಸಿ ಹೊಲಿದು ಕೊಟ್ಟೆ.

ಮೂರು ವಾರ ಆಯ್ತು. ಮಧ್ಯಾಹ್ನ ಮೇಡಂ ಬ್ಲೌಸನ್ನ ಒಳಗಿಂದ ಹೊರಗೆ ತಿರುಗಿಸಿ ಹಿಡ್ಕೊಂಡು ಬಂದು ಟೇಬಲ್ ಮೇಲೆ ಹಾಕಿದ್ರು. ಮೂವತ್ತು ವರ್ಷ ಪರೀಕ್ಷೆ ಹಾಲಲ್ಲಿ ಮಕ್ಕಳ ಚೀಟಿ ಹಿಡಿದ ಕೈ, ಲೈನಿಂಗ್ ದಪ್ಪ ಇರೋದು ಬೆರಳಿಗೇ ಗೊತ್ತಾಗಿದೆ. ಬ್ಲೇಡಲ್ಲಿ ನಾಲ್ಕು ಹೊಲಿಗೆ ಬಿಚ್ಚಿ ನೋಡಿದಾರೆ. ಅಲ್ಲಿವರೆಗೂ ಸ್ಟಾಫ್ ರೂಮಲ್ಲಿ ಯಾರ ಹುಟ್ಟುಹಬ್ಬಕ್ಕೂ ಒಂದು ತುಂಡು ಮೈಸೂರುಪಾಕ್ ಮುಟ್ಟಿರಲಿಲ್ಲವಂತೆ. ಒಳಗೆ ಒಂದು ಇಂಚು ಇದೆ ಅಂತ ಕಂಡ ದಿನವೇ, ಬೀಗರ ಮನೇಲಿ ನಾಲ್ಕು ಹೋಳಿಗೆ ಒಳಗೆ ಹೋಗಿವೆ. ಎಲ್ಲ ನಿಮ್ಮಿಂದಲೇ, ನೀವು ನನ್ನ ನಂಬಲಿಲ್ಲ ಅಂತ ಮೇಡಂ ಹೇಳಿದ್ರು.

ನನಗೂ ಪಾಪ ಅನ್ನಿಸ್ತು. ತಪ್ಪಾಯ್ತು ಮೇಡಂ, ಈಗಲೇ ಕತ್ತರಿಸಿ ಬಿಸಾಕ್ತೀನಿ ಅಂತ ಕತ್ತರಿ ತಗೊಂಡೆ. ಮೇಡಂ ತಟ್ ಅಂತ ಬ್ಲೌಸ್ ಎಳ್ಕೊಂಡು ಎದೆಗೆ ಒತ್ತಿ ಹಿಡಿದ್ರು. ಬಿಟ್ಟಿದ್ದು ಬಿಟ್ಟಾಯ್ತು, ಈಗ ಯಾಕೆ ಹಾಳು ಮಾಡ್ತೀರ ಅಂದ್ರು. ಆಮೇಲೆ ಅಂಗಡೀಲಿ ಬೇರೆ ಯಾರೂ ಇಲ್ಲ ಅಂತ ಒಂದು ಸಲ ಹಿಂದೆ ತಿರುಗಿ ನೋಡಿ, ಸಣ್ಣ ದನಿಯಲ್ಲಿ ಕೇಳಿದ್ರು:

"ತೋಳಲ್ಲೂ ಬಿಟ್ಟಿದೀರಾ?"

೨. ನನ್ನ ಹಸಿರು ಬ್ಲೌಸು

ಮೇಡಂ ಎಡವಿದ್ರು ನಿಜ, ಆದ್ರೆ ಉಪಾಯ ನನ್ನ ತಲೇಲಿ ಕೂತುಬಿಡ್ತು. ನನಗೆ ಈ ತೂಕದ ಮಿಷನ್ ಮೇಲೆ ಎಳ್ಳಷ್ಟೂ ನಂಬಿಕೆ ಇಲ್ಲ. ನಮ್ಮನೇದು ಬಚ್ಚಲ ಮುಂದೆ ಇಟ್ರೆ ಒಂದು ಹೇಳುತ್ತೆ, ಹಾಲಲ್ಲಿ ಇಟ್ರೆ ಇನ್ನೊಂದು ಹೇಳುತ್ತೆ, ಗೋಡೆ ಹಿಡ್ಕೊಂಡ್ರೆ ಮೂರನೇದು. ಟೇಪಂತೂ ಬೇಡವೇ ಬೇಡ, ನನ್ನ ಸೊಂಟಕ್ಕೆ ನಾನೇ ಹಾಕಿದ್ರೆ ಕೈ ತಾನಾಗೇ ಎಳೆಯುತ್ತೆ. ಹೊಲಿದ ಬ್ಲೌಸ್ ಒಂದೇ ಸತ್ಯ. ಹುಕ್ಕು ಸೇರ್ತು ಅಂದ್ರೆ ಸೇರ್ತು, ಇಲ್ಲ ಅಂದ್ರೆ ಇಲ್ಲ.

ಹಸಿರು ಕಾಟನ್ ಬಟ್ಟೆ ತಗೊಂಡೆ, ಎಳೆದ್ರೆ ಬಗ್ಗದ ಗಟ್ಟಿ ಬಟ್ಟೆ. ನನ್ನ ಅಳತೆಗಿಂತ ಎರಡು ಇಂಚು ಕಮ್ಮಿ ಇಟ್ಟು ಹೊಲಿದೆ. ಒಳಗೆ ಬಟ್ಟೆ ಬಿಡಬಾರದು ಅಂತ ಬಾಯಲ್ಲಿ ಹೇಳ್ಕೊಂಡೇ ಕತ್ತರಿಸಿದ್ದು. ಮುಗಿಸಿ ನೋಡ್ತೀನಿ, ಕೈ ತನ್ನ ಪಾಡಿಗೆ ಎರಡೂ ಕಡೆ ಬಿಟ್ಟಿದೆ. ಇಪ್ಪತ್ತೆರಡು ವರ್ಷದ ಅಭ್ಯಾಸ. ಇರ್ಲಿ, ಬಿಚ್ಚೋಳು ನಾನೇ ತಾನೇ, ನಾನು ಬಿಚ್ಚದಿದ್ರೆ ಆಯ್ತು ಅಂದ್ಕೊಂಡೆ.

ಮಲ್ಲತ್ತಹಳ್ಳೀಲಿ ನಮ್ಮನೆ. ಇರೋದು ಮೂರೇ ಜನ: ನಾನು, ನಮ್ಮ ಯಜಮಾನರು, ನಮ್ಮತ್ತೆ. ಅತ್ತೆಗೆ ಎಪ್ಪತ್ತಾರು. ಗಾಳಿ ಜೋರಾದ್ರೆ ಹಿಡ್ಕೋಬೇಕು, ಹಾಗಿದಾರೆ. ಮನೇಲೇ ಕೂತು ನಮ್ಮ ಅಂಗಡಿ ಬ್ಲೌಸುಗಳಿಗೆ ಹುಕ್ಕು ಹಾಕ್ತಾರೆ, ಕೈ ಹೊಲಿಗೆ ಮಾಡ್ತಾರೆ. ಅವರಿಗೆ ಸಣ್ಣ ಆಗೋ ಅಗತ್ಯ ಏನೂ ಇಲ್ಲ. ಆದ್ರೆ ಪಕ್ಕದ ತಟ್ಟೇಲಿ ಮುದ್ದೆ, ಬಸ್ಸಾರು ಇದ್ರೆ ನನ್ನ ಕಣ್ಣು ಅಲ್ಲೇ ಹೋಗುತ್ತೆ. ಅದಕ್ಕೆ ಒಂದು ಸೋಮವಾರ ಕಾನೂನು ಮಾಡಿದೆ: ಇವತ್ತಿಂದ ರಾತ್ರಿ ಈ ಮನೇಲಿ ಎಲ್ಲರಿಗೂ ಓಟ್ಸು.

ಅತ್ತೆ ತಟ್ಟೇಲಿದ್ದ ಓಟ್ಸನ್ನ ಚಮಚದಲ್ಲಿ ಎತ್ತಿ, ಅದು ಲೊಳಕ್ ಅಂತ ವಾಪಸ್ ಬೀಳೋದನ್ನ ನೋಡಿ, ಎಲ್ಲೀವರೆಗೆ ಇದು ಅಂತ ಕೇಳಿದ್ರು. ನಾನು ಹಸಿರು ಬ್ಲೌಸ್ ತಂದು ತೋರಿಸಿ, ಈ ಹುಕ್ಕು ಸೇರೋವರೆಗೆ ಅಂದೆ. ಅತ್ತೆ ಬ್ಲೌಸ್ ನೋಡಿದ್ರು, ನನ್ನ ನೋಡಿದ್ರು, ಇನ್ನೊಂದು ಸಲ ಬ್ಲೌಸ್ ನೋಡಿದ್ರು.

"ಹಾಗಾದ್ರೆ ನನ್ನ ಕಾಲ ಓಟ್ಸಲ್ಲೇ ಮುಗೀತು ಬಿಡು" ಅಂದ್ರು.

೩. ಎರಡು ಕವರು

ಓಟ್ಸ್ ಶುರುವಾಗಿ ಎರಡನೇ ತಿಂಗಳು. ರಾಜಾಜಿನಗರದ ಒಂದು ಜೋಡಿ ಗಂಡ ಹೆಂಡತಿ ನಮ್ಮ ಹಳೇ ಗಿರಾಕಿಗಳು, ಇಬ್ಬರೂ ರಿಟೈರ್ ಆದೋರು. ಇಬ್ಬರೂ ಸೇರಿ ಬಾಯಿ ಕಟ್ಟೋದು ಅಂತ ದೇವರ ಮುಂದೆ ಕೈ ಮೇಲೆ ಕೈ ಇಟ್ಟು ಹೇಳ್ಕೊಂಡಿದ್ರು. ಒಂದು ಮಂಗಳವಾರ ಗಂಡ ಒಬ್ಬರೇ ಬಂದು ನಾಲ್ಕು ಪ್ಯಾಂಟ್ ಕೊಟ್ಟು, ಸೊಂಟ ಒಂದು ಇಂಚು ಬಿಚ್ಚಿ ಕೊಡಮ್ಮ ಅಂದ್ರು. ನಮ್ಮನೆಯವಳಿಗೆ ಮಾತ್ರ ಹೇಳ್ಬೇಡ, ಅವಳು ಪಾಪ ನಿಯತ್ತಾಗಿ ಉಪವಾಸ ಬೀಳ್ತಿದಾಳೆ, ನಾನೊಬ್ಬನೇ ಕಳ್ಳ ಅಂತ ಗೊತ್ತಾದ್ರೆ ನೊಂದ್ಕೊಳ್ತಾಳೆ ಅಂದ್ರು.

ಗುರುವಾರ ಹೆಂಡತಿ ಬಂದ್ರು. ಐದು ಬ್ಲೌಸು, ಎಲ್ಲದಕ್ಕೂ ಪಕ್ಕ ಬಿಚ್ಚಬೇಕಂತೆ. ಅವರ ಬಾಯಲ್ಲೂ ಅದೇ ಮಾತು. ನಮ್ಮನೆಯವರು ಪಾಪ ಸೊಪ್ಪು ಸೌತೆಕಾಯಿ ತಿನ್ಕೊಂಡು ದಿನ ತಳ್ತಿದಾರೆ, ನಾನು ಪಾಪಿ ಅಂತ ಗೊತ್ತಾಗಬಾರದು. ನಾನು ಹೂಂ ಅಂದೆ. ಎರಡೂ ಬಟ್ಟೆ ಒಂದೇ ರ‍್ಯಾಕಲ್ಲಿ ಪಕ್ಕಪಕ್ಕ ಇಟ್ಟೆ.

ಶನಿವಾರ ಇಬ್ಬರೂ ಜೊತೇಲಿ ಬಂದ್ರು. ಅವರ ಕವರು ಅವರಿಗೆ, ಇವರ ಕವರು ಇವರಿಗೆ ಕೊಟ್ಟೆ ಅಂದ್ಕೊಂಡೆ. ಎರಡೂ ಒಂದೇ ಬಣ್ಣದ ಕವರು, ಅದಲು ಬದಲು ಆಗಿದೆ. ಅರ್ಧ ಗಂಟೇಲಿ ಇಬ್ಬರೂ ವಾಪಸ್ ಬಂದು ಕೌಂಟರ್ ಮುಂದೆ ನಿಂತ್ರು. ಇವತ್ತು ಒಂದು ಸಂಸಾರ ಒಡೆದೆ ಅಂದ್ಕೊಂಡೆ.

ಅವರು ನನ್ನ ಕಡೆ ತಿರುಗಲೇ ಇಲ್ಲ. ಒಬ್ಬರನ್ನೊಬ್ಬರು ವಿಚಾರಣೆ ಮಾಡ್ತಿದ್ರು. ಎಷ್ಟು ದಿನದಿಂದ, ಎಲ್ಲಿ, ಏನೇನು. ಕೊನೆಗೆ ಗೊತ್ತಾಗಿದ್ದೇನಪ್ಪಾ ಅಂದ್ರೆ, ಇಬ್ಬರೂ ಹೋಗ್ತಿದ್ದಿದ್ದು ಒಂದೇ ಹೋಟೆಲ್ಲಿಗೆ, ಕೂರ್ತಿದ್ದಿದ್ದು ಅದೇ ಮೂಲೆ ಟೇಬಲ್ಲಿಗೆ. ಅವರು ಬ್ಯಾಂಕ್ ಕೆಲಸ ಅಂತ, ಇವರು ಭಜನೆ ಅಂತ. ಸಪ್ಲೈಯರ್ ಇಬ್ಬರ ಹತ್ತಿರಾನೂ ಒಂದು ಮಾತು ಬಾಯಿ ಬಿಟ್ಟಿರಲಿಲ್ಲ. ಅವನು ಭಾರಿ ಒಳ್ಳೆಯವನು ಅಂತ ಇಬ್ಬರೂ ಒಪ್ಪಿದ್ರು. ತಲೆ ಮೇಲಿನ ಭಾರ ಇಳಿದ ಹಾಗೆ ನಗ್ತಾ ಸೀದಾ ಅಲ್ಲಿಗೇ ಹೋದ್ರು. ಬರುವಾಗ ನನಗೊಂದು ಮಸಾಲೆ ದೋಸೆ ಪಾರ್ಸಲ್ ತಂದು ಟೇಬಲ್ ಮೇಲೆ ಇಟ್ಟು ಹೋದ್ರು.

ಆ ದೋಸೆಯನ್ನ ನಾನು ಮುಟ್ಟಬಾರದು ಅಂತಲೇ ಇದ್ದೆ. ಆದ್ರೆ ಪಕ್ಕದಲ್ಲೇ ಯಾರದೋ ರೇಷ್ಮೆ ಇತ್ತು. ಚಟ್ನಿ ಸೋರಿದ್ರೆ ಕತೆ ಮುಗೀತು. ಸೋರಿದೆಯಾ ನೋಡೋಣ ಅಂತ ಬಿಚ್ಚಿದೆ. ಚಟ್ನಿ ಒಂದನ್ನ ಖಾಲಿ ಮಾಡಿದ್ರೆ ಅಪಾಯ ಇಲ್ಲ ಅಂದ್ಕೊಂಡೆ. ಬರೀ ಚಟ್ನಿ ಹೇಗೆ ತಿನ್ನೋದು, ಅಂಚಲ್ಲಿ ಗರಿಗರಿ ಇರೋ ಚೂರು ಮುರ್ಕೊಂಡೆ. ಅಂಚು ಹೋದ ಮೇಲೆ ದೋಸೆ ಆಕಾರ ಕೆಟ್ಟು ನೋಡೋಕೆ ಬೇಜಾರಾಯ್ತು. ಹತ್ತು ನಿಮಿಷದಲ್ಲಿ ರೇಷ್ಮೆಗೆ ಇದ್ದ ಅಪಾಯ ಪೂರ್ತಿ ಕಳೀತು.

ಮನೆಯಿಂದ ತಂದಿದ್ದ ಓಟ್ಸ್ ಡಬ್ಬಿ ಹಾಗೇ ಇತ್ತು. ಅದನ್ನೂ ತಿಂದೆ. ಡಯಟ್ ಮಾಡೋಳು ಅದನ್ನ ತಪ್ಪಿಸೋ ಹಾಗಿರಲಿಲ್ಲ.

೪. ಕೆರೆ ಹತ್ತಿರ

ನಮ್ಮ ಯಜಮಾನರ ಮೇಲೆ ಅನುಮಾನ ಬರೋಕೆ ಕಾರಣ ಅವರ ಖುಷಿ. ದಿನಾ ಸಂಜೆ ಮಲ್ಲತ್ತಹಳ್ಳಿ ಕೆರೆ ಸುತ್ತ ವಾಕಿಂಗ್ ಅಂತ ಹೋಗ್ತಿದ್ರು, ಬರುವಾಗ ಶಿಳ್ಳೆ ಹೊಡ್ಕೊಂಡು ಬರ್ತಿದ್ರು. ಮನೇಲಿ ಓಟ್ಸ್ ಕಾಯ್ತಿರೋ ಗಂಡಸಿಗೆ ಶಿಳ್ಳೆ ಎಲ್ಲಿಂದ ಬರುತ್ತೆ ಹೇಳಿ. ಬಾಗಿಲಲ್ಲೇ ನಿಲ್ಲಿಸಿ ಕೈ ಮೂಸಿ ನೋಡ್ದೆ, ಸೋಪಿನ ವಾಸನೆ. ಅಂಗಿ ಜೇಬು ತಡಕಿದೆ, ಸೋಂಪು ಇಲ್ಲ, ಟಿಶ್ಯೂ ಇಲ್ಲ. ಇಷ್ಟು ಚೊಕ್ಕಟವಾಗಿ ಇರೋದೇ ಕಳ್ಳತನದ ಗುರುತು ಅನ್ನಿಸ್ತು.

ಒಂದು ಭಾನುವಾರ ಅವರು ಹೊರಟ ಹತ್ತು ನಿಮಿಷಕ್ಕೆ ನಾನೂ ತಲೆ ಮೇಲೆ ಸೆರಗು ಹಾಕ್ಕೊಂಡು ಹೊರಟೆ. ಕೆರೆ ಗೇಟಿನ ಹತ್ತಿರ ಹುಬ್ಬಳ್ಳಿ ಕಡೆಯವರೊಬ್ಬರು ಮಿರ್ಚಿ ಬಜ್ಜಿ ಗಾಡಿ ಇಟ್ಟಿದಾರೆ. ಗಾಡಿ ಹಿಂದೆ ಒಂದು ಸ್ಟೂಲು. ಅಲ್ಲಿ ಕೂತ್ರೆ ಇಡೀ ವಾಕಿಂಗ್ ದಾರಿ ಕಾಣುತ್ತೆ, ನಾವು ಯಾರಿಗೂ ಕಾಣಲ್ಲ. ಕೂತೆ. ಸುಮ್ನೆ ಕೂತ್ರೆ ಗಾಡಿಯವರು ನೋಡೋ ರೀತಿ ಸರಿ ಇರಲ್ಲ ಅಂತ ಒಂದು ಪ್ಲೇಟ್ ಹೇಳ್ದೆ. ತಿನ್ನೋಕಲ್ಲ, ಜಾಗಕ್ಕೆ.

ನಮ್ಮ ಯಜಮಾನರು ಒಂದು ಸುತ್ತು ಬಂದ್ರು. ಎಲ್ಲೂ ನಿಲ್ಲಲಿಲ್ಲ. ಬಜ್ಜಿ ಗಾಡಿ ಕಡೆ ತಿರುಗಿ ಕೂಡ ನೋಡಲಿಲ್ಲ. ಎರಡನೇ ಸುತ್ತಲ್ಲಿ ಏನೋ ಇದೆ, ಕಾದು ನೋಡೋಣ ಅಂದ್ಕೊಂಡೆ. ಪ್ಲೇಟ್ ಖಾಲಿ ಆಗಿತ್ತು. ಖಾಲಿ ಪ್ಲೇಟ್ ಹಿಡ್ಕೊಂಡು ಕೂತ್ರೆ ಯಾರಿಗಾದ್ರೂ ಅನುಮಾನ ಬರುತ್ತೆ, ಇನ್ನೊಂದು ಹೇಳ್ದೆ. ಒಳಗೆ ಈರುಳ್ಳಿ, ನಿಂಬೆ ಹಣ್ಣು, ಮೇಲೆ ಸ್ವಲ್ಪ ಖಾರ. ಪತ್ತೇದಾರಿಕೆ ಇಷ್ಟು ರುಚಿ ಇರುತ್ತೆ ಅಂತ ನನಗೆ ಗೊತ್ತಿರಲಿಲ್ಲ.

ಮೂರನೇ ಸುತ್ತು ಬರಲೇ ಇಲ್ಲ. ಎಲ್ಲಿ ಹೋದ್ರು ಅಂತ ಕತ್ತು ಉದ್ದ ಮಾಡಿ ನೋಡ್ತಿದೀನಿ, ಬೆನ್ನ ಹಿಂದೆ ಬಂದು ನಿಂತಿದಾರೆ. ಕೈಯಲ್ಲಿ ಅರ್ಧ ಮಿರ್ಚಿ, ತಲೆ ಮೇಲೆ ಸೆರಗು, ನನ್ನ ಅವಸ್ಥೆ ಯಾರಿಗೂ ಬೇಡ. ಅವರು ಕೋಪ ಮಾಡ್ಕೊಳ್ಳಲಿಲ್ಲ. ಬಂದು ಎಷ್ಟು ಹೊತ್ತಾಯ್ತು ಅಂತ ತಣ್ಣಗೆ ಕೇಳಿದ್ರು. ಈಗ ತಾನೇ ಬಂದೆ ರೀ ಅನ್ನೋಕೆ ಬಾಯಿ ತೆಗೆದೆ. ನನ್ನ ಬಾಯಲ್ಲಿ ಮಿರ್ಚಿ ಇತ್ತು, ಅಷ್ಟರಲ್ಲಿ ಗಾಡಿಯವರೇ ಉತ್ತರ ಕೊಟ್ರು:

"ಎರಡ್ ಪ್ಲೇಟ್ ಆದ್ವು ನೋಡ್ರಿ ಸರ."

೫. ಕೊನೇ ಹುಕ್ಕು

ಅವರ ಶಿಳ್ಳೆಗೆ ಕಾರಣ ಆಮೇಲೆ ಗೊತ್ತಾಯ್ತು. ಇಪ್ಪತ್ನಾಲ್ಕು ಗಂಟೇಲಿ ಮೂಸಿ ನೋಡೋರು ಯಾರೂ ಇಲ್ಲದ ಮುಕ್ಕಾಲು ಗಂಟೆ ಅದೊಂದೇ ಅಂತೆ.

ಇಷ್ಟೆಲ್ಲ ಆದ್ರೂ ನನಗೆ ಒಳಗೊಳಗೇ ಧೈರ್ಯ ಇತ್ತು, ಯಾಕಂದ್ರೆ ಹಸಿರು ಬ್ಲೌಸ್ ನನ್ನ ಪರವಾಗಿತ್ತು. ಪ್ರತಿ ಶುಕ್ರವಾರ ತಲೆಗೆ ನೀರು ಹಾಕ್ಕೊಂಡು ಅದನ್ನ ಹಾಕಿ ನೋಡ್ತಿದ್ದೆ. ಮೊದಲ ತಿಂಗಳು ಹುಕ್ಕಿಗೂ ಕಾಜಾಕ್ಕೂ ನಡುವೆ ಮೂರು ಬೆರಳು ಅಂತರ, ಒಂದು ಕೂದಲಷ್ಟೂ ಅಲ್ಲಾಡಲಿಲ್ಲ. ಆಮೇಲೆ ಎರಡು ಬೆರಳಾಯ್ತು. ಹದಿನೈದು ದಿನಕ್ಕೆ ಒಂದು ಬೆರಳಾಯ್ತು. ದೋಸೆ ತಿಂದ ವಾರವೂ ಇಳಿದಿದ್ದೆ, ಮಿರ್ಚಿ ತಿಂದ ವಾರವೂ ಇಳಿದಿದ್ದೆ. ನನ್ನ ಮೈಗುಣವೇ ಹೀಗೆ ಇರ್ಬೇಕು, ಸ್ವಲ್ಪ ಎಣ್ಣೆ ಬಿದ್ರೆ ಚುರುಕಾಗುತ್ತೆ ಅಂತ ತಿಳ್ಕೊಂಡು, ವಾರಕ್ಕೆರಡು ಸಲ ಚುರುಕು ಮಾಡ್ತಿದ್ದೆ. ಅತ್ತೆ ಪ್ರತಿ ಶುಕ್ರವಾರ, ಎಷ್ಟಕ್ಕೆ ಬಂತಮ್ಮ ಅಂತ ಮುತುವರ್ಜಿಯಿಂದ ಕೇಳ್ತಿದ್ರು. ನನ್ನ ಆರೋಗ್ಯದ ಮೇಲೆ ಅವರಿಗೆ ಎಷ್ಟು ಕಾಳಜಿ ಅಂತ ನನ್ನ ಕಣ್ಣು ತುಂಬಿ ಬರ್ತಿತ್ತು.

ಹನ್ನೊಂದನೇ ಶುಕ್ರವಾರ ಐದೂ ಹುಕ್ಕು ಸೇರಿದ್ವು. ಉಸಿರು ಕಟ್ಟಲಿಲ್ಲ, ಹೊಟ್ಟೆ ಒಳಗೆ ಎಳ್ಕೊಳ್ಳಲಿಲ್ಲ. ರೂಮಿಂದ ಓಡಿ ಬಂದು ತೋರಿಸಿದೆ, ಇವತ್ತಿಂದ ಓಟ್ಸ್ ಬಂದ್ ಅಂದೆ. ಯಜಮಾನರು ಚಪ್ಪಾಳೆ ತಟ್ಟಿದ್ರು. ಅತ್ತೆ ಹೋಳಿಗೆ ಮಾಡ್ತೀನಿ ಅಂದ್ರು. ಅಡುಗೆ ಮನೇಲಿ ನೋಡಿದ್ರೆ ಹೂರಣದ ಬೇಳೆ ಆಗಲೇ ಬೆಂದಿತ್ತು. ಊರಿನವರನ್ನೆಲ್ಲ ಅನುಮಾನದಿಂದ ನೋಡೋ ನಾನು, ಆ ಬೇಳೆ ಯಾವಾಗ ಒಲೆ ಮೇಲೆ ಕೂತಿತ್ತು ಅಂತ ಒಂದು ಮಾತು ಕೇಳಲಿಲ್ಲ. ಆರು ಹೋಳಿಗೆ ತಿಂದೆ.

ಮುಂದಿನ ವಾರ ಅದೇ ಬ್ಲೌಸ್ ಹಾಕ್ಕೊಂಡು ಡಾಕ್ಟರಮ್ಮನ ಹತ್ತಿರ ಹೋದೆ. ಮಿಷನ್ ಹತ್ತಿದೆ. ಮೂರು ತಿಂಗಳ ಹಿಂದೆ ಇದ್ದಿದ್ದಕ್ಕಿಂತ ಅರ್ಧ ಕೆಜಿ ಜಾಸ್ತಿ ತೋರಿಸ್ತು. ನಿಮ್ಮ ನೆಲ ಸಮ ಇಲ್ಲ ಅಂದೆ. ಮಿಷನ್ ಜರುಗಿಸಿದ್ರು, ಅದೇ ಬಂತು. ನರ್ಸಮ್ಮನ್ನ ಹತ್ತಿಸಿದೆ, ಅವರ ತೂಕ ಸರಿಯಾಗೇ ಬಂತು. ಬ್ಲೌಸ್ ತೋರಿಸಿ, ಎರಡು ಇಂಚು ಇಳಿದಿದೀನಿ ನೋಡಿ ಡಾಕ್ಟ್ರೇ ಅಂದೆ. ಅವರು ರಕ್ತದ ರಿಪೋರ್ಟ್ ಮೇಲೆ ಬೆರಳಿಟ್ಟು, ಶುಗರ್ ಬ್ಲೌಸ್ ಹಾಕ್ಕೊಳ್ಳಲ್ಲಮ್ಮ ಅಂದ್ರು. ಬಾರ್ಡರಿಂದ ಒಂದು ಹೆಜ್ಜೆ ಆಚೆ ಹೋಗೋದರಲ್ಲಿತ್ತಂತೆ. ಕೈಕಾಲು ಹಿಡಿದು ಇನ್ನೊಂದು ತಿಂಗಳು ಕೇಳ್ಕೊಂಡು ಬಂದೆ. ಅದೇ ಕೊನೆ, ಆಮೇಲೆ ಮಾತ್ರೆ.

ಬಸ್ಸಲ್ಲಿ ಕೂತಾಗ ತಲೆ ಓಡ್ತು. ಮೈ ಇಳಿದಿಲ್ಲ, ಬ್ಲೌಸ್ ಸೇರ್ತಿದೆ, ಅಂದ್ರೆ ಬೆಳೆದಿರೋದು ಬ್ಲೌಸು. ಮನೆಗೆ ಬಂದು ಬಿಚ್ಚಿ ಒಳಗೆ ತಿರುಗಿಸಿದೆ. ನಾನು ಹಾಕಿದ್ದ ಮಿಷನ್ ಹೊಲಿಗೆ ಇಲ್ಲ, ಬರೀ ಸೂಜಿ ತೂತು. ಅದರ ಪಕ್ಕ ಇನ್ನೊಂದು ಸಾಲು ತೂತು, ಅದರ ಪಕ್ಕ ಮತ್ತೊಂದು. ತೀರಾ ಅಂಚಿಗೆ ಹೊಸ ಹೊಲಿಗೆ, ಕೈಯಲ್ಲಿ ಹಾಕಿದ್ದು. ಮಿಷನ್ನೇ ನಾಚಬೇಕು, ಅಷ್ಟು ಸಣ್ಣ, ಅಷ್ಟು ಸಮ. ಯಜಮಾನರಿಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ. ಆ ಹೊಲಿಗೆ ಯಾರದು ಅಂತ ಕೇಳೋ ಅಗತ್ಯವೇ ಇರಲಿಲ್ಲ.

ಅತ್ತೆ ಟಿವಿ ಮುಂದೆ ಕೂತು ಹುಕ್ಕು ಹಾಕ್ತಿದ್ರು. ಬ್ಲೌಸ್ ತಗೊಂಡು ಹೋಗಿ ಅವರ ಮಡಿಲಿಗೆ ಹಾಕಿದೆ. ನನಗೆ ಕೋಪಕ್ಕಿಂತ ಅಳು ಬಂತು. ಜೀವನ ಪೂರ್ತಿ ಮಾತ್ರೆ ನುಂಗೋಳು ನಾನು ಅತ್ತೆ, ಹೀಗೆ ಮಾಡಬಹುದಾ ಅಂತ ಕೇಳ್ದೆ. ಅತ್ತೆ ಕನ್ನಡಕ ಸರಿ ಮಾಡ್ಕೊಂಡು, ತಮ್ಮ ಹೊಲಿಗೆಯನ್ನ ಒಂದು ಸಲ ಬೆಳಕಿಗೆ ಹಿಡಿದು ನೋಡಿದ್ರು.

"ಹುಕ್ಕು ಸೇರೋವರೆಗೂ ಓಟ್ಸು ಅಂದೋಳು ನೀನು. ಒಂದು ತಿಂಗಳು ಕಾದೆ ಕಣೇ. ನಿನ್ನ ಕೈಲಿ ಆಗೋ ಹಾಗೆ ಕಾಣಲಿಲ್ಲ, ನಾನೇ ಸೇರಿಸ್ದೆ" ಅಂದ್ರು.

ಕತ್ತರಿ ತಂದೆ. ಬ್ಲೌಸನ್ನ ಮೊದಲಿನ ಅಳತೆಗೇ ಮಿಷನ್ನಲ್ಲಿ ಹೊಲಿದು, ಒಳಗೆ ಉಳಿದಿದ್ದ ಬಟ್ಟೆಯನ್ನೆಲ್ಲ ಅವರ ಕಣ್ಣೆದುರಿಗೇ ಕತ್ತರಿಸಿ ಹಾಕಿದೆ. ಇವತ್ತು ರಾತ್ರಿಯಿಂದ ಮತ್ತೆ ಓಟ್ಸು, ನಿಮಗೂ, ನಿಮ್ಮ ಮಗನಿಗೂ, ಈಗ ಏನು ಬಿಚ್ತೀರೋ ಬಿಚ್ಚಿ ಅಂದೆ. ಅತ್ತೆ ಕೆಳಗೆ ಬಿದ್ದಿದ್ದ ಹಸಿರು ಚೂರುಗಳನ್ನ ಎತ್ಕೊಂಡು ತುಂಬಾ ಹೊತ್ತು ಯೋಚನೆ ಮಾಡ್ತಾ ಕೂತಿದ್ರು.

ಮಾರನೇ ದಿನ ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಅವರೂ ಚೀಲ ಹಿಡ್ಕೊಂಡು ರೆಡಿ. ಇನ್ಮೇಲೆ ಹುಕ್ಕಿನ ಕೆಲಸ ಅಂಗಡೀಲೇ ಮಾಡ್ತೀನಿ ಅಂದ್ರು. ಅಂಗಡೀಲಿ ಕುರ್ಚಿಯನ್ನ ನನ್ನ ಎದುರಿಗೇ ಹಾಕ್ಕೊಂಡ್ರು, ಹುಕ್ಕಿನ ಮೇಲೆ ಒಂದು ಕಣ್ಣು, ನನ್ನ ಬಾಯಿ ಮೇಲೆ ಒಂದು ಕಣ್ಣು. ಗಿರಾಕಿಗಳು ನಾಮಕರಣ, ಗೃಹಪ್ರವೇಶ ಅಂತ ಸಿಹಿ ತಂದ್ರೆ ನನ್ನ ಕೈಗಿಂತ ಮುಂಚೆ ಅವರ ಕೈ ಹೋಗ್ತಿತ್ತು. ರಾಜಾಜಿನಗರದ ಗಂಡ ಹೆಂಡತಿ ಇನ್ನೊಂದು ದೋಸೆ ಪಾರ್ಸಲ್ ತಂದಾಗ, ಅದನ್ನ ನನ್ನ ಕಣ್ಣೆದುರಿಗೇ ಅವರೇ ತಿಂದು, ಚಟ್ನಿ ಸ್ವಲ್ಪ ನೀರಾಗಿದೆ ಅಂತ ವರದಿ ಕೊಟ್ರು. ನಾನು ಬಚ್ಚಲಿಗೆ ಹೋಗಿ ಬಂದ್ರೂ ಹತ್ತಿರ ಬಂದು ಮೂಸಿ ನೋಡ್ತಿದ್ರು. ಕೆರೆ ಸುತ್ತ ವಾಕಿಂಗ್ ಹೋದ್ರೆ ಅವರು ಬಜ್ಜಿ ಗಾಡಿಯ ಸ್ಟೂಲ್ ಮೇಲೆ ಕೂತು ನನ್ನ ಸುತ್ತು ಎಣಿಸ್ತಿದ್ರು. ಇಪ್ಪತ್ತೆರಡು ವರ್ಷ ನಾನು ಊರಿನವರನ್ನ ನೋಡಿದ ರೀತೀಲಿ ಒಬ್ಬರು ನನ್ನ ನೋಡಿದ್ರೆ ಹೇಗಿರುತ್ತೆ ಅಂತ ಆ ತಿಂಗಳು ಗೊತ್ತಾಯ್ತು. ನಮ್ಮ ಯಜಮಾನರಂತೂ ಆ ತಿಂಗಳು ಮನೇಲೇ ಶಿಳ್ಳೆ ಹೊಡೀತಿದ್ರು.

ತಿಂಗಳು ತುಂಬಿದ ದಿನ ಅತ್ತೆನೂ ಜೊತೆಗೆ ಬಂದ್ರು, ಬೇಡ ಅಂದ್ರೂ ಕೇಳಲಿಲ್ಲ. ನಾನು ಕಣ್ಣು ಮುಚ್ಕೊಂಡು ಮಿಷನ್ ಹತ್ತಿದೆ. ಮೂರು ಕೆಜಿ ಇಳಿದಿತ್ತು. ರಕ್ತದ ರಿಪೋರ್ಟಲ್ಲಿ ಶುಗರ್ ಬಾರ್ಡರಿಂದ ಈಚೆಗೆ ಬಂದಿತ್ತು. ಮಾತ್ರೆ ಬೇಡ, ಹೀಗೇ ಮುಂದುವರಿಸಿ ಅಂತ ಡಾಕ್ಟರಮ್ಮ ಅಂದಾಗ ನಾನು ಅಲ್ಲೇ ಕುರ್ಚೀಲಿ ಕೂತು ಅತ್ತುಬಿಟ್ಟೆ. ಮೂರು ತಿಂಗಳು ಆಗದೇ ಇದ್ದಿದ್ದು ಒಂದೇ ತಿಂಗಳಲ್ಲಿ ಹೇಗಾಯ್ತಮ್ಮ, ಏನು ಮಾಡಿದ್ರಿ, ನನ್ನ ಬೇರೆ ಪೇಷೆಂಟ್‌ಗಳಿಗೂ ಹೇಳ್ತೀನಿ ಅಂತ ಅವರು ಪೆನ್ನು ತಗೊಂಡ್ರು. ನಾನು ಮೂಗು ಒರೆಸ್ಕೊಳ್ತಾ ಇದ್ದೆ. ಅತ್ತೆ ಮುಂದಕ್ಕೆ ಬಾಗಿ ಹೇಳಿದ್ರು:

"ನನಗೆ ಓಟ್ಸ್ ಸೇರಲ್ಲ ಡಾಕ್ಟ್ರೇ, ಅದಕ್ಕೇ ಇವಳು ಸಣ್ಣ ಆದ್ಲು."